ರಾತ್ರಿ 10:30ಕ್ಕೆ ಊಟ, ಮಲಗುವ ಮುಂಚೆ ನಾಲ್ಕು ಮಾತ್ರೆ, 3 ಗಂಟೆಗೆ ಎಚ್ಚರ. ಏನು ಮಾಡಲಿ?

ಸಂಜೆಮಲ್ಲಿಗೆ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಿಂದ ಬರೆಯುತ್ತಿದ್ದೇನೆ, ವಯಸ್ಸು 41. ಆರೇಳು ತಿಂಗಳಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಅದಕ್ಕಿಂತ ಜಾಸ್ತಿ ಬೇಜಾರು ಅಂದರೆ ಬೆಳಿಗ್ಗೆ ನನ್ನ ಮನಸ್ಸು ನನ್ನ ಹತೋಟಿಯಲ್ಲಿ ಇರುವುದಿಲ್ಲ.

ನನ್ನ ದಿನ ಹೇಗೆ ಸಾಗುತ್ತದೆ ಅಂತ ಪೂರ್ತಿ ಹೇಳಿಬಿಡುತ್ತೇನೆ, ಎಲ್ಲಿ ತಪ್ಪುತ್ತಿದೆ ಅಂತ ನಿಮಗೆ ಗೊತ್ತಾಗಬಹುದು. ಬೆಳಿಗ್ಗೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ, 50 ಮೈಕ್ರೋಗ್ರಾಂ. ಆಫೀಸಿನಿಂದ ಮನೆ ಸೇರುವಾಗ 6:45. ಬ್ಯಾಗ್ ಇಟ್ಟ ತಕ್ಷಣ ಒಂದು ದೊಡ್ಡ ಲೋಟ ಸ್ಟ್ರಾಂಗ್ ಫಿಲ್ಟರ್ ಕಾಫಿ, ಜೊತೆಗೆ ಏನಾದರೂ ಕುರುಕಲು. ಕಬ್ಬಿಣದ ಮಾತ್ರೆ ಖಾಲಿ ಹೊಟ್ಟೆಗೆ ತೊಗೊಂಡರೆ ವಾಂತಿ ಬಂದ ಹಾಗಾಗುತ್ತದೆ, ಅದಕ್ಕೆ ಅದನ್ನೂ ಈ ಹೊತ್ತಿಗೇ ನುಂಗುತ್ತೇನೆ. ಯಜಮಾನರು ಬರುವುದು ಹತ್ತು ಗಂಟೆಗೆ. ನಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಊಟ ಮಾಡಬೇಕು ಅನ್ನುವುದು ಮೊದಲಿನಿಂದ ಬಂದ ಪದ್ಧತಿ, ಅತ್ತೆಯೂ ಕಾಯುತ್ತಾರೆ, ಹಾಗಾಗಿ ಊಟ 10:30ಕ್ಕೆ. ಚಪಾತಿ, ಪಲ್ಯ, ಅನ್ನ, ಸಾರು, ಮೊಸರು, ಎಲ್ಲವೂ. ಪಾತ್ರೆ ತೊಳೆದು 11:15ಕ್ಕೆ ಹಾಸಿಗೆಗೆ. ಮಲಗುವ ಮುಂಚೆ ಬಿ ಕಾಂಪ್ಲೆಕ್ಸ್, ಅಶ್ವಗಂಧ, ಮೆಗ್ನೀಸಿಯಂ, ಕೂದಲು ಉದುರುತ್ತದೆ ಅಂತ ಬಯೋಟಿನ್ 10 ಮಿಲಿಗ್ರಾಂ. ಈ ನಾಲ್ಕನ್ನೂ ಯಾರೂ ಬರೆದುಕೊಟ್ಟಿಲ್ಲ, ವಿಡಿಯೋ ನೋಡಿ ನಾನೇ ತರಿಸಿದ್ದು.

ಮಲಗಿದ ಮೇಲೆ ಕಾಲು ಸುಮ್ಮನೆ ಇರುವುದಿಲ್ಲ. ನೋವಲ್ಲ. ಮೀನಖಂಡದ ಒಳಗೆ ಇರುವೆ ಹರಿದ ಹಾಗೆ, ಕಾಲು ಒದರಬೇಕು ಅನ್ನಿಸುತ್ತದೆ. ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಹೋಗುತ್ತದೆ, ಮಲಗಿದರೆ ಮತ್ತೆ ಶುರು. ಹೇಗೋ ನಿದ್ದೆ ಹತ್ತಿದರೆ 3 ಗಂಟೆಗೆ ಎಚ್ಚರ. ಬಾಯೆಲ್ಲ ಹುಳಿ, ಎದೆ ಡವಡವ. ಅಡುಗೆಮನೆಯಲ್ಲಿ ದೀಪ ಹಾಕದೆ ನಿಂತು ನೀರು ಕುಡಿಯುತ್ತೇನೆ. ಆಮೇಲೆ ಹಾಲಿನ ವ್ಯಾನಿನ ಸದ್ದು ಕೇಳುವವರೆಗೆ ಕಣ್ಣು ಬಿಟ್ಟುಕೊಂಡೇ ಬಿದ್ದಿರುತ್ತೇನೆ.

ಕಳೆದ ವಾರ ಮಗಳ ನೀರಿನ ಬಾಟಲಿ ಮುಚ್ಚಳ ಸಿಗಲಿಲ್ಲ ಅಂತ ಎಷ್ಟು ಕೂಗಾಡಿದೆ ಅಂದರೆ, ಅವಳು ಶೂ ಲೇಸ್ ಕಟ್ಟುವುದನ್ನು ಬಿಟ್ಟು ನನ್ನ ಕೈಯನ್ನೇ ನೋಡಿದಳು. ಮುಚ್ಚಳ ನನ್ನ ಕೈಯಲ್ಲೇ ಇತ್ತು. ಬಸ್ಸಿನಲ್ಲಿ ಕೂತು ಅತ್ತುಬಿಟ್ಟೆ.

ಜೊತೆಗೆ ಕೆಲಸ ಮಾಡುವವರೊಬ್ಬರು ಮೆಲಟೋನಿನ್ ಗಮ್ಮಿ (ನಿದ್ದೆಗೆ ಅಂತ ಜಗಿಯುವ ಮಿಠಾಯಿಯಂಥದ್ದು) ತೊಗೋ, ಮಗುವಿನ ಹಾಗೆ ನಿದ್ದೆ ಬರುತ್ತದೆ ಅಂತಿದ್ದಾರೆ. ತೊಗೊಳ್ಳಲಾ? ಇದರಲ್ಲಿ ಯಾವುದನ್ನು ಬಿಡಲಿ, ಯಾವುದನ್ನು ಇಟ್ಟುಕೊಳ್ಳಲಿ?

ಮುದ್ದೆ ಬಸ್ಸಾರು:

ಅಕ್ಕ, ಬಾಯಿ ಹುಳಿ ಆಗಿ 3 ಗಂಟೆಗೆ ಎಚ್ಚರ ಆಗುತ್ತದೆ ಅಂದಿರಲ್ಲ, ಅದು ನನ್ನದೇ ಕಥೆ. ಮಾತ್ರೆ ವಿಷಯ ನನಗೆ ತಿಳಿಯದು. ಊಟದ ವಿಷಯ ಹೇಳುತ್ತೇನೆ.

ನಮ್ಮದು ಮಂಡ್ಯ ಕಡೆ. ಊರಲ್ಲಿ ಅಪ್ಪ ಈಗಲೂ ಏಳೂವರೆಗೆ ಮುದ್ದೆ ಉಂಡು, ಜಗುಲಿ ಮೇಲೆ ಒಂದು ಗಂಟೆ ಮಾತಾಡಿ, ಒಂಬತ್ತೂವರೆಗೆ ಮಲಗುತ್ತಾರೆ. ನಾನು ಬೆಂಗಳೂರಿಗೆ ಬಂದ ಮೇಲೆ ಹನ್ನೊಂದಕ್ಕೆ ಊಟ ಮಾಡಿ ಹನ್ನೊಂದೂವರೆಗೆ ಮಲಗುವುದು ಅಭ್ಯಾಸ ಆಯಿತು. ಎರಡು ವರ್ಷ ಎದೆಯುರಿ. ಕೊನೆಗೆ ಎಂಡೋಸ್ಕೋಪಿ ಮಾಡಿದ ಡಾಕ್ಟರು ಬಿಡಿಸಿ ಹೇಳಿದರು. ಅನ್ನನಾಳದ ಬುಡದಲ್ಲಿ ಬಾಗಿಲಿನ ಹಾಗೆ ಮುಚ್ಚಿಕೊಳ್ಳುವ ಒಂದು ಸ್ನಾಯು ಇರುತ್ತದೆ, ಕೂತಿದ್ದಾಗ ಹೊಟ್ಟೆಯ ಹುಳಿ ತನ್ನ ಭಾರಕ್ಕೆ ಕೆಳಗೇ ಇರುತ್ತದೆ, ಹೊಟ್ಟೆ ತುಂಬಿರುವಾಗಲೇ ಅಡ್ಡ ಆದರೆ ಅದು ಮೇಲೆ ಹರಿಯುತ್ತದೆ. ನಿದ್ದೆಯಲ್ಲಿ ನಾವು ಉಗುಳು ನುಂಗುವುದೂ ಕಡಿಮೆ, ಹಾಗಾಗಿ ಹರಿದು ಬಂದ ಹುಳಿ ಅಲ್ಲೇ ನಿಲ್ಲುತ್ತದೆ. ನಿಮಗೆ ಎಚ್ಚರ ಆಗಲು ಅಷ್ಟು ಸಾಕು.

ನಾನು ಮಾಡಿದ್ದು ಇಷ್ಟು. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ. ಎಡ ಮಗ್ಗುಲಲ್ಲಿ ಮಲಗುವುದು. ಮಂಚದ ತಲೆಯ ಕಡೆಯ ಎರಡು ಕಾಲಿಗೆ ಇಟ್ಟಿಗೆ ಕೊಟ್ಟು ಸುಮಾರು ಅರ್ಧ ಅಡಿ ಎತ್ತರಿಸಿದೆ. ದಿಂಬಿನ ಮೇಲೆ ದಿಂಬು ಇಡಬೇಡಿ, ಹೊಟ್ಟೆ ಮಡಚಿಕೊಂಡು ಇನ್ನೂ ಜಾಸ್ತಿ ಆಗುತ್ತದೆ. ಸಂಜೆ ಬೋಂಡ, ಮೆಣಸಿನಕಾಯಿ ಬಜ್ಜಿ ಬಿಟ್ಟೆ. ಹತ್ತು ದಿನದಲ್ಲಿ ರಾತ್ರಿ ಎಚ್ಚರ ಆಗುವುದು ನಿಂತಿತು.

ಒಟ್ಟಿಗೆ ಊಟ ಅನ್ನುವುದು ಒಳ್ಳೆಯದೇ, ಬೇಡ ಅನ್ನುವುದಿಲ್ಲ. ಆದರೆ ನೀವು ಎಂಟಕ್ಕೆ ಉಂಡು, ಅವರು ಬಂದಾಗ ಒಂದು ಲೋಟ ಮಜ್ಜಿಗೆ ಹಿಡಿದು ಪಕ್ಕದಲ್ಲಿ ಕೂತರೆ ಅದೂ ಒಟ್ಟಿಗೆ ಕೂತ ಹಾಗೇ ಅಲ್ವಾ?

ಕುಂದಾಪುರ ಮೆಡಿಕಲ್ಸ್:

ಮೇಡಂ, ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. 22 ವರ್ಷದಿಂದ ಕೌಂಟರಿನ ಈಚೆ ನಿಂತು ನೋಡುತ್ತಿದ್ದೇನೆ. ನಿಮ್ಮ ಪಟ್ಟಿ ಓದಿ ಮನಸ್ಸಿಗೆ ಕಷ್ಟ ಆಯಿತು, ಏಕೆಂದರೆ ನೀವು ನುಂಗುತ್ತಿರುವ ಒಂದು ಮಾತ್ರೆ ಇನ್ನೊಂದರ ಕೆಲಸಕ್ಕೆ ಅಡ್ಡ ಬರುತ್ತಿದೆ. ಗಮ್ಮಿ ವಿಷಯ ಆಮೇಲೆ.

ಮೊದಲು ಕಬ್ಬಿಣ. ಕಾಫಿ ಟೀಯಲ್ಲಿರುವ ಅಂಶಗಳು ಕಬ್ಬಿಣವನ್ನು ಹಿಡಿದುಕೊಂಡುಬಿಡುತ್ತವೆ, ಕರುಳು ಅದನ್ನು ಹೀರಿಕೊಳ್ಳಲು ಬಿಡುವುದಿಲ್ಲ. ಹಾಲೂ ಅಡ್ಡ ಬರುತ್ತದೆ. ನೀವು ಎರಡೂ ಇರುವ ಲೋಟದ ಜೊತೆ ನುಂಗಿದರೆ ಹೆಚ್ಚಿನ ಪಾಲು ವ್ಯರ್ಥ. ಕಬ್ಬಿಣಕ್ಕೂ ಕಾಫಿಗೂ ನಡುವೆ ಎರಡು ಗಂಟೆ ಬಿಡಿ. ನಿಂಬೆಹಣ್ಣಿನ ಪಾನಕದ ಜೊತೆ ತೊಗೊಂಡರೆ ಒಳ್ಳೆಯದು. ಹೊಟ್ಟೆ ತೊಳಸಿದರೆ ಒಂದು ಸಣ್ಣ ಬಾಳೆಹಣ್ಣು ತಿಂದು ತೊಗೊಳ್ಳಿ. ಬೆಳಗಿನ ಥೈರಾಯ್ಡ್ ಮಾತ್ರೆಗೂ ಕಬ್ಬಿಣ, ಕ್ಯಾಲ್ಸಿಯಂ, ಮೆಗ್ನೀಸಿಯಂಗೂ ಕನಿಷ್ಠ ನಾಲ್ಕು ಗಂಟೆ ಅಂತರ ಇರಲೇಬೇಕು. ಅದು ನಿಮ್ಮಲ್ಲಿ ಈಗಾಗಲೇ ಸರಿ ಇದೆ.

ಕಾಫಿ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. 7 ಗಂಟೆಗೆ ಕುಡಿದದ್ದರಲ್ಲಿ ಅರ್ಧ ಮಧ್ಯರಾತ್ರಿಗೂ ಮೈಯಲ್ಲೇ ಇರುತ್ತದೆ. ಗರ್ಭನಿರೋಧಕ ಮಾತ್ರೆ ತೊಗೊಳ್ಳುವವರಲ್ಲಿ ಇನ್ನೂ ನಿಧಾನ. 2013ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಆಗಿತ್ತು, ಮಲಗುವ 6 ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ಕೊಟ್ಟರೂ ನಿದ್ದೆ ಒಂದು ಗಂಟೆಗಿಂತ ಜಾಸ್ತಿ ಕಡಿಮೆ ಆಗಿತ್ತು. ನಿಮ್ಮ ಒಂದು ಲೋಟದಲ್ಲಿ ಅಷ್ಟು ಇರುವುದಿಲ್ಲ, ಆದರೆ ನೀವು ಕುಡಿಯುವುದು ಮಲಗುವ ನಾಲ್ಕೇ ಗಂಟೆ ಮುಂಚೆ. ಪುಡಿ ಯಾವುದು ಅಂತಲೂ ನೋಡಿ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ.

ಅಶ್ವಗಂಧ. ನಿದ್ದೆಗೆ ಸ್ವಲ್ಪ ಸಹಾಯ ಆಗುತ್ತದೆ ಅಂತ ಸಣ್ಣ ಅಧ್ಯಯನಗಳಿವೆ, ಸುಳ್ಳು ಅನ್ನುವುದಿಲ್ಲ. ಆದರೆ ಅದು ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು. ಥೈರಾಯ್ಡ್ ಮಾತ್ರೆ ತೊಗೊಳ್ಳುತ್ತಿರುವ ನಿಮಗೆ ಎದೆ ಡವಡವ ಅಂದಾಗ ನನಗೆ ಮೊದಲು ಅನುಮಾನ ಬಂದದ್ದು ಇದರ ಮೇಲೆ. ಕೆಲವರಲ್ಲಿ ಲಿವರ್ ತೊಂದರೆ ಆದದ್ದೂ ದಾಖಲಾಗಿದೆ. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ಥೈರಾಯ್ಡ್ ನೋಡುವ ಡಾಕ್ಟರನ್ನು ಕೇಳುವವರೆಗೆ ಬದಿಗಿಡಿ.

ಬಯೋಟಿನ್ ನಿದ್ದೆ ಕೆಡಿಸುವುದಿಲ್ಲ, ರಕ್ತಪರೀಕ್ಷೆ ಕೆಡಿಸುತ್ತದೆ. 10 ಮಿಲಿಗ್ರಾಂ ತೊಗೊಳ್ಳುತ್ತಾ ಥೈರಾಯ್ಡ್ ಟೆಸ್ಟ್ ಮಾಡಿಸಿದರೆ ಅದರಲ್ಲಿ ಮುಖ್ಯವಾಗಿ ನೋಡುವ ಟಿಎಸ್‌ಎಚ್ ಅನ್ನುವ ಅಂಕಿ ಸುಳ್ಳಾಗಿ ಕಡಿಮೆ ಬರಬಹುದು. ಅದನ್ನು ನೋಡಿ ಡೋಸ್ ಬದಲಾಯಿಸಿಬಿಟ್ಟರೆ ತಪ್ಪಿನ ಮೇಲೆ ತಪ್ಪು. ಟೆಸ್ಟಿಗೆ ಎರಡು ದಿನ ಮುಂಚೆ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.

ಬಿ ಕಾಂಪ್ಲೆಕ್ಸ್ ಬೆಳಗಿನ ತಿಂಡಿ ಜೊತೆಗೆ ಮಾಡಿ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 2018ರಲ್ಲಿ ನಡೆದ ಅಧ್ಯಯನದಲ್ಲಿ ಮಲಗುವ ಮುಂಚೆ 240 ಮಿಲಿಗ್ರಾಂ ಬಿ6 ಕೊಟ್ಟವರಿಗೆ ಕನಸು ಜಾಸ್ತಿ ನೆನಪಿರುತ್ತಿತ್ತು, ಹೆಚ್ಚಿನ ಪ್ರಮಾಣದ ಬಿ ಕಾಂಪ್ಲೆಕ್ಸ್ ತೊಗೊಂಡವರು ನಿದ್ದೆ ಚೆನ್ನಾಗಿ ಆಗಲಿಲ್ಲ ಅಂದಿದ್ದರು. ನಮ್ಮ ಅಂಗಡಿಯ ಸಾಮಾನ್ಯ ಮಾತ್ರೆಯಲ್ಲಿ ಬಿ6 ಕೆಲವೇ ಮಿಲಿಗ್ರಾಂ ಇರುತ್ತದೆ. ಹಾಗಿದ್ದರೂ ಬೆಳಿಗ್ಗೆಗೆ ಬದಲಾಯಿಸಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಮೆಗ್ನೀಸಿಯಂ ಕಿಡ್ನಿ ಚೆನ್ನಾಗಿದ್ದರೆ ಇರಲಿ, ದೊಡ್ಡ ಆಸೆ ಇಟ್ಟುಕೊಳ್ಳಬೇಡಿ. ರಾಗಿ, ಎಳ್ಳು, ಹೆಸರುಕಾಳಿನಲ್ಲೂ ಅದು ಸಿಗುತ್ತದೆ.

ಇನ್ನು ಮೆಲಟೋನಿನ್. ಅದು ಮೈಯ ಗಡಿಯಾರಕ್ಕೆ ರಾತ್ರಿ ಆಯಿತು ಅಂತ ಹೇಳುವ ಹಾರ್ಮೋನ್. ವಿದೇಶದಿಂದ ಬಂದವರ ಜೆಟ್ ಲ್ಯಾಗಿಗೆ ಕೆಲಸ ಮಾಡುತ್ತದೆ. ಹುಳಿ ಮೇಲೆ ಬಂದು ಎಚ್ಚರ ಆಗುವವರಿಗೆ ಅದರಿಂದ ಏನು ಪ್ರಯೋಜನ? ಗಮ್ಮಿಯಂತೂ ನಂಬಬೇಡಿ. 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಗಮ್ಮಿ ಪರೀಕ್ಷೆ ಮಾಡಿದಾಗ 22ರಲ್ಲಿ ಲೇಬಲ್ ಮೇಲಿನ ಲೆಕ್ಕ ತಪ್ಪಿತ್ತು. ಒಂದರಲ್ಲಿ ಬರೆದದ್ದರ ಮೂರೂವರೆ ಪಟ್ಟು ಇತ್ತು, ಇನ್ನೊಂದರಲ್ಲಿ ಮೆಲಟೋನಿನ್ನೇ ಇರಲಿಲ್ಲ.

ಎಲ್ಲವನ್ನೂ ಒಂದೇ ದಿನ ಬದಲಾಯಿಸಬೇಡಿ, ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ. ಥೈರಾಯ್ಡ್ ಮಾತ್ರೆಯನ್ನು ಮಾತ್ರ ಸ್ವಂತ ಬುದ್ಧಿಯಿಂದ ಮುಟ್ಟಲೇಬೇಡಿ.

ದಾರಿಹೋಕ:

ಇಷ್ಟೆಲ್ಲ ಕೆಮಿಕಲ್ ಯಾಕೆ? ನಮ್ಮಜ್ಜಿ ಹಾಲಿಗೆ ಜಾಯಿಕಾಯಿ ತೇಯ್ದು ಕೊಡುತ್ತಿದ್ದರು, ಹಬ್ಬದ ದಿನ ಗಸಗಸೆ ಪಾಯಸ ಕುಡಿದರೆ ಸಂಜೆವರೆಗೆ ಎಚ್ಚರವೇ ಆಗುತ್ತಿರಲಿಲ್ಲ. ನಾನು ಈಗ ಶಾರ್ಜಾದಲ್ಲಿ ಇದ್ದೇನೆ, ಇಲ್ಲಿ ಗಸಗಸೆ ಸಿಗುವುದಿಲ್ಲ, ಮುಂದಿನ ತಿಂಗಳು ಊರಿಗೆ ಬಂದಾಗ ಅಮ್ಮನ ಹತ್ತಿರ ಹುರಿಸಿ ಪುಡಿ ಮಾಡಿಸಿ ತರೋಣ ಅಂತಿದ್ದೇನೆ. ಅಕ್ಕ ನೀವೂ ಅದನ್ನೇ ಮಾಡಿ ನೋಡಿ.

ಕುಂದಾಪುರ ಮೆಡಿಕಲ್ಸ್:

ಸರ್, ದಯವಿಟ್ಟು ತರಬೇಡಿ. ಯುಎಇಯಲ್ಲಿ ಗಸಗಸೆ ನಿಷೇಧ ಇದೆ, ಅಫೀಮಿನ ಗಿಡದ ಬೀಜ ಅಂತ. ಗೊತ್ತಿಲ್ಲದೆ ಒಯ್ದು ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದವರಿದ್ದಾರೆ. ಪುಡಿ ಮಾಡಿದರೂ ಅದೇ ಕಾನೂನು.

ಊರಲ್ಲಿ ಇದ್ದಾಗ ಹಬ್ಬಕ್ಕೆ ಒಂದು ಲೋಟ ಪಾಯಸ ಕುಡಿಯಿರಿ, ಬೇಡ ಅನ್ನುವುದಿಲ್ಲ. ಆ ನಿದ್ದೆಯಲ್ಲಿ ಗಸಗಸೆಗಿಂತ ಒಬ್ಬಟ್ಟು, ಚಿತ್ರಾನ್ನ, ಬೆಳಿಗ್ಗೆ ನಾಲ್ಕಕ್ಕೆ ಎದ್ದ ದಣಿವು, ಇವುಗಳ ಪಾಲೂ ದೊಡ್ಡದಿದೆ. ಜಾಯಿಕಾಯಿ ಚಿಟಿಕೆ ದಾಟಬಾರದು. ಚಮಚಗಟ್ಟಲೆ ಹಾಕಿದರೆ ಎದೆಬಡಿತ ಏರಿ ಭ್ರಮೆ ಹಿಡಿದ ಹಾಗಾಗುತ್ತದೆ. ಬಿಸಿ ಹಾಲು ಕುಡಿದರೆ ನಿದ್ದೆ ಬರುವುದು ಅದರೊಳಗಿನ ಯಾವುದೋ ಅಂಶದಿಂದ ಅನ್ನುವುದಕ್ಕಿಂತ, ದಿನಾ ಅದೇ ಹೊತ್ತಿಗೆ ಕುಡಿದು ಮಲಗುವ ರೂಢಿಯಿಂದ ಅಂತ ನನಗನ್ನಿಸುತ್ತದೆ.

ಹುಬ್ಬಳ್ಳಿ ಗಿರಮಿಟ್:

ಅಕ್ಕಾವರೇ, ನಿಮ್ಮ ಕಾಲಿನ ವಿಷಯ ಓದಿ ಕೂತಲ್ಲಿಂದ ಎದ್ದುಬಿಟ್ಟೆ. ಇರುವೆ ಹರಿದ ಹಾಗೆ ಅಂತ ಬರೆದಿದ್ದೀರಿ, ನಾನು ನಮ್ಮ ಡಾಕ್ಟರಿಗೆ ಹೇಳಿದ್ದೂ ಅದೇ ಮಾತು.

ಇದಕ್ಕೆ ಹೆಸರಿದೆ, ರೆಸ್ಟ್‌ಲೆಸ್ ಲೆಗ್ಸ್ ಅಂತಾರೆ. ಕಾಲು ಒದರಬೇಕು ಅನ್ನಿಸುವುದು, ಕೂತಾಗ ಮಲಗಿದಾಗ ಶುರು, ಸಂಜೆ ರಾತ್ರಿ ಜಾಸ್ತಿ, ನಡೆದರೆ ಆರಾಮ. ನಾಲ್ಕೂ ನಿಮಗೆ ಹೊಂದುತ್ತವೆ. ನನಗೆ ಮೂರು ವರ್ಷ ಯಾರೂ ಹೇಳಲಿಲ್ಲ. ಒಂದು ಕಡೆ ಟೆನ್ಷನ್ ಅಂದರು, ಇನ್ನೊಂದು ಕಡೆ ಕ್ಯಾಲ್ಸಿಯಂ ಬರೆದುಕೊಟ್ಟರು. ಸಿನಿಮಾ ಥಿಯೇಟರಿನಲ್ಲಿ ಇಂಟರ್ವಲ್‌ವರೆಗೂ ಕೂರಲು ಆಗುತ್ತಿರಲಿಲ್ಲ. ರಾತ್ರಿ ಬಚ್ಚಲಲ್ಲಿ ನಿಂತು ಕಾಲಿಗೆ ತಣ್ಣೀರು ಸುರಿದುಕೊಳ್ಳುತ್ತಿದ್ದೆ.

ಕೊನೆಗೆ ಒಬ್ಬ ಡಾಕ್ಟರ್ ಫೆರಿಟಿನ್ ಅನ್ನುವ ರಕ್ತಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್ ಬೇರೆ, ಫೆರಿಟಿನ್ ಬೇರೆ. ಕಬ್ಬಿಣವನ್ನು ದುಡ್ಡು ಅಂದುಕೊಂಡರೆ, ಹಿಮೋಗ್ಲೋಬಿನ್ ಕೈಯಲ್ಲಿರುವುದು, ಫೆರಿಟಿನ್ ಬ್ಯಾಂಕಿನಲ್ಲಿರುವುದು. ನನ್ನ ಹಿಮೋಗ್ಲೋಬಿನ್ 12 ಇತ್ತು, ಎಲ್ಲರೂ ಸರಿ ಇದೆ ಅಂದಿದ್ದರು. ಫೆರಿಟಿನ್ 14. ಲ್ಯಾಬ್ ಚೀಟಿಯಲ್ಲಿ ಅದನ್ನೂ ನಾರ್ಮಲ್ ಅಂತಲೇ ಅಚ್ಚು ಹಾಕಿದ್ದರು. ಆದರೆ ಈ ಕಾಲಿನ ತೊಂದರೆ ಇರುವವರಿಗೆ 75ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಟ್ಟು ನೋಡಬೇಕು ಅಂತ ಇದೆ. ಅದಕ್ಕೇ ಚೀಟಿಯಲ್ಲಿ ನಾರ್ಮಲ್ ಅಂತ ನೋಡಿ ಸುಮ್ನೆ ಮನೆಗೆ ಬರಬೇಡಿ, ಅಂಕಿ ಎಷ್ಟು ಅಂತ ನೋಡಿ. ನನಗೆ ಸರಿಯಾಗಲು ಮೂರು ತಿಂಗಳು ಹಿಡಿಯಿತು. ಸಂಜೆ ಚಹಾ ಬಿಟ್ಟ ಮೇಲೆ ಬೇಗ ಬೇಗ ಗುಣ ಕಂಡಿತು.

ನೆಗಡಿ ಅಂತ ನಿದ್ದೆ ಬರಿಸುವ ಹಳೆಯ ಬಗೆಯ ಅಲರ್ಜಿ ಮಾತ್ರೆ ನುಂಗಿದರೆ ಕಾಲು ಇನ್ನೂ ಕೆರಳುತ್ತದೆ, ಅದೂ ನೆನಪಿರಲಿ.

ಮೂರನೇ ಪಾಳಿ:

ನಾನು ನರ್ಸ್. ತಿಂಗಳಲ್ಲಿ ಹತ್ತು ದಿನ ರಾತ್ರಿ ಪಾಳಿ. ಊಟ, ಮಾತ್ರೆ ಎಲ್ಲ ಮೇಲಿನವರು ಹೇಳಿದ್ದಾರೆ. ಮುಚ್ಚಳದ ವಿಷಯ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿದ್ದೆಗೆಟ್ಟ ತಲೆಗೆ ಸಣ್ಣದೂ ದೊಡ್ಡದಾಗಿ ಕಾಣುತ್ತದೆ. ನೀವು ಕೆಟ್ಟ ಅಮ್ಮ ಅಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ದಿನ ನಾನು ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ, ಅಮ್ಮನಿಗೆ ಇವತ್ತು ನಿದ್ದೆ ಆಗಿಲ್ಲ, ಜೋರಾಗಿ ಮಾತಾಡಿದರೆ ಅದು ನಿಮ್ಮ ತಪ್ಪಲ್ಲ ಅಂತ. ಮಗಳ ಹತ್ತಿರ ಕೂತು ಒಂದು ಸಲ ಹೇಳಿ. ಮಕ್ಕಳಿಗೆ ಅರ್ಥ ಆಗುತ್ತದೆ.

ಬಿ12 ಕೂಡ ಪರೀಕ್ಷೆ ಮಾಡಿಸಿ. ಸಸ್ಯಾಹಾರಿಗಳಲ್ಲಿ ಕಡಿಮೆ ಇರುವುದು ತುಂಬ ಸಾಮಾನ್ಯ. ಅದು ಕಡಿಮೆಯಾದರೆ ಕೈಕಾಲು ಜುಮ್ಮೆನ್ನುವುದು, ಮನಸ್ಸು ಕುಗ್ಗುವುದು, ಮರೆವು ಎಲ್ಲ ಬರುತ್ತದೆ. ವಿಟಮಿನ್ ಡಿ ಬರೆದುಕೊಟ್ಟರೆ ಚೀಟಿ ಸರಿಯಾಗಿ ಓದಿ. 60,000 ಯೂನಿಟ್ಟಿನದು ವಾರಕ್ಕೊಂದು, ದಿನಕ್ಕೊಂದಲ್ಲ. ದಿನಾ ತೊಗೊಂಡು ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ ಮಾಡಿಕೊಳ್ಳುತ್ತಾ, ಮಂಕು ಕವಿದ ಹಾಗೆ ಬಂದು ಅಡ್ಮಿಟ್ ಆದ ಹಿರಿಯರನ್ನು ನಾನೇ ನೋಡಿಕೊಂಡಿದ್ದೇನೆ.

ಎರಡು ವಾರಕ್ಕಿಂತ ಜಾಸ್ತಿ ದಿನವಿಡೀ ಮನಸ್ಸು ಭಾರವಾಗೇ ಇದ್ದರೆ, ಬದುಕೇ ಬೇಡ ಅನ್ನಿಸಿದರೆ, ಫೆರಿಟಿನ್ ರಿಪೋರ್ಟಿಗೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿಮಾನಸ್ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 3 ಗಂಟೆಗೆ ಅಡುಗೆಮನೆಯಲ್ಲಿ ನಿಂತಿದ್ದಾಗಲೂ ಮಾಡಬಹುದು.

ಸಂಜೆಮಲ್ಲಿಗೆ:

ಆರು ವಾರ ಆಯಿತು. ಎಲ್ಲರಿಗೂ ಏನಾಯಿತು ಅಂತ ಹೇಳಬೇಕು.

ಅಶ್ವಗಂಧ ಮೊದಲ ದಿನವೇ ನಿಲ್ಲಿಸಿದೆ, ಬಯೋಟಿನ್ ಕೂಡ. ಗಮ್ಮಿ ತರಿಸಲಿಲ್ಲ. ಒಂದು ವಾರ ಬಿಟ್ಟು ರಕ್ತ ಕೊಟ್ಟೆ. ಫೆರಿಟಿನ್ 11. ಬಿ12 ಪರವಾಗಿಲ್ಲ, ಟಿಎಸ್‌ಎಚ್ ಸರಿಯಾಗಿದೆ. ಡಾಕ್ಟರ್ ರಿಪೋರ್ಟ್ ನೋಡಿ, ಇಷ್ಟು ದಿನ ಮಾತ್ರೆ ಹೇಗೆ ತೊಗೊಂಡಿರಿ ಅಂತ ಕೇಳಿದರು. ಕಾಫಿ ಜೊತೆ ಅಂದೆ. ಅವರು ಪೆನ್ ಕೆಳಗಿಟ್ಟರು. ಈಗ ಆಫೀಸಿನಲ್ಲೇ ಹನ್ನೆರಡು ಗಂಟೆಗೆ ನಿಂಬೆ ನೀರಿನ ಜೊತೆ ತೊಗೊಳ್ಳುತ್ತೇನೆ.

ಕಾಫಿ ಬಿಡುವುದು ನಾನು ಅಂದುಕೊಂಡದ್ದಕ್ಕಿಂತ ಕಷ್ಟ ಆಯಿತು. ಮೂರು ದಿನ ತಲೆನೋವು. ಈಗ 3 ಗಂಟೆಗೆ ಆಫೀಸಿನಲ್ಲಿ ಒಂದು ಸಣ್ಣ ಲೋಟ, ಮನೆಗೆ ಬಂದ ಮೇಲೆ ಜೀರಿಗೆ ಕಷಾಯ. ಬಾಗಿಲು ತೆಗೆದ ಕೂಡಲೇ ಡಿಕಾಕ್ಷನ್ ವಾಸನೆ ಬರುತ್ತಿತ್ತಲ್ಲ, ಅದೊಂದು ಈಗಲೂ ನೆನಪಾಗುತ್ತದೆ.

ಊಟದ ಹೊತ್ತು ಬದಲಾಯಿಸುವ ವಿಷಯ ಅತ್ತೆಗೆ ಹೇಳಲು ಹತ್ತು ದಿನ ಧೈರ್ಯ ಬರಲಿಲ್ಲ. ಒಂದು ದಿನ ಸೊಪ್ಪು ಬಿಡಿಸುತ್ತಾ ಕೂತಾಗ ಹೇಳಿದೆ. ಅವರು ಕೈಯಲ್ಲಿದ್ದ ದಂಟು ಮುರಿಯುತ್ತಲೇ, "ನನಗೂ ಎಂಟಕ್ಕೇ ಹಸಿವಾಗುತ್ತಮ್ಮ, ಶುಗರ್ ಮಾತ್ರೆ ಬೇರೆ ಇದೆ. ನೀನು ಕಾಯ್ತೀಯಲ್ಲ ಅಂತ ನಾನೂ ಕಾಯ್ತಿದ್ದೆ" ಅಂದರು. ಒಂಬತ್ತು ವರ್ಷದಿಂದ ಇಬ್ಬರೂ ಹಾಗೆ ಕಾದಿದ್ದೇವೆ. ಈಗ ಎಂಟಕ್ಕೆ ನಾವು ಮೂವರೂ ಊಟ ಮಾಡುತ್ತೇವೆ. ಇವರು ಬಂದಾಗ ನಾನು ಮಜ್ಜಿಗೆ ಹಿಡಿದು ಕೂರುತ್ತೇನೆ. ಭಾನುವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ.

3 ಗಂಟೆಯ ಎಚ್ಚರ ಎರಡನೇ ವಾರಕ್ಕೇ ನಿಂತಿತು. ಎದೆ ಡವಡವ ಕೂಡ ಇಲ್ಲ. ಅದು ಅಶ್ವಗಂಧ ಬಿಟ್ಟದ್ದಕ್ಕೋ ಕಾಫಿ ಬಿಟ್ಟದ್ದಕ್ಕೋ ಹೇಳಲಾರೆ, ಎರಡೂ ಒಂದೇ ವಾರದಲ್ಲಿ ಆಯಿತು. ಕಾಲು ಮಾತ್ರ ಈಗಲೂ ವಾರಕ್ಕೆ ಎರಡು ರಾತ್ರಿ ಕಾಡುತ್ತದೆ. ಮಗಳ ಹತ್ತಿರ ಕೂತು ಮಾತಾಡಿದೆ. ಈಗ ಬೆಳಿಗ್ಗೆ ಎದ್ದ ಕೂಡಲೇ ಅವಳೇ ಕೇಳುತ್ತಾಳೆ, ಅಮ್ಮ ನಿದ್ದೆ ಬಂತಾ ಅಂತ.

ಹುಬ್ಬಳ್ಳಿ ಅಕ್ಕ, ಕಬ್ಬಿಣದಿಂದ ಮಲಬದ್ಧತೆ ಶುರುವಾಗಿದೆ. ನಿಮಗೂ ಆಗಿತ್ತಾ? ಏನು ಮಾಡಿದಿರಿ?

ಹುಬ್ಬಳ್ಳಿ ಗಿರಮಿಟ್:

ಆಗಿತ್ತು ಅಕ್ಕಾವರೇ, ತುಂಬ ಜನರಿಗೆ ಆಗುತ್ತದೆ, ಮಲ ಕಪ್ಪಾದರೂ ಹೆದರಬೇಡಿ. ಆದರೆ ಡಾಂಬರಿನ ಹಾಗೆ ಅಂಟಂಟಾಗಿ ಹೋದರೆ ಅವತ್ತೇ ತೋರಿಸಬೇಕು. ನಮ್ಮ ಡಾಕ್ಟರು ದಿನಾ ಬೇಡ, ದಿನ ಬಿಟ್ಟು ದಿನ ತೊಗೊಳ್ಳಿ, ಮೈಗೆ ಹಿಡಿಯುವುದೂ ಹಾಗೇ ಚೆನ್ನಾಗಿ ಅಂದರು. ನಿಮ್ಮವರನ್ನೂ ಒಂದು ಮಾತು ಕೇಳಿ. ರಾತ್ರಿ ನಾಲ್ಕು ಒಣದ್ರಾಕ್ಷಿ, ಎರಡು ಅಂಜೂರ ನೆನೆ ಹಾಕಿ ಬೆಳಿಗ್ಗೆ ಆ ನೀರಿನ ಸಮೇತ ತಿನ್ನಿ. ಥೈರಾಯ್ಡ್ ಮಾತ್ರೆ ನುಂಗಿ ಒಂದು ತಾಸು ಆದಮೇಲೆ. ಮೂರು ತಿಂಗಳಿಗೆ ಫೆರಿಟಿನ್ ಮತ್ತೆ ಮಾಡಿಸಿ, ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ.